ಆಸ್ಪತ್ರೆ ತಲುಪುವ ಮುನ್ನ: ರಾತ್ರಿ ಬಸ್ಸು, ಬೆಳಗಿನ ಮೆಟ್ರೊ

ತಾಳಗುಂದದ ಕಡೆಯ ಹಿರಿಯರೊಬ್ಬರು. ವಯಸ್ಸು ಎಪ್ಪತ್ತರ ಆಸುಪಾಸು. ಹೃದಯದ ತಪಾಸಣೆಗೆಂದು ಮಗನ ಜೊತೆ ಶಿರಾಳಕೊಪ್ಪದಲ್ಲಿ ಬೆಂಗಳೂರಿನ ರಾತ್ರಿ ಬಸ್ಸು ಹತ್ತಿದರು. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾದೀತೆಂಬ ಅಂಜಿಕೆಯಿಂದ ಸಂಜೆ ನಾಲ್ಕಕ್ಕೇ ನೀರು ಕುಡಿಯುವುದನ್ನು ನಿಲ್ಲಿಸಿದ್ದರು. ಬಸ್ಸಿನಲ್ಲಿ ವಾಂತಿಯಾಗದಿರಲೆಂದು ಮಗ ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗಿಸಿದ್ದ. ನಡುರಾತ್ರಿ ಯಾವುದೋ ನಿಲ್ದಾಣದಲ್ಲಿ ಬಸ್ಸು ನಿಂತಾಗ ಕಂಡಕ್ಟರು, ‘ಅಜ್ಜಾ, ಹತ್ತು ನಿಮಿಷ ಐತಿ, ಇಳೀತೀರಾ?’ ಎಂದು ಕೇಳಿದರಂತೆ. ಕತ್ತಲೆ, ಮೆಟ್ಟಿಲು, ಬಸ್ಸು ಬಿಟ್ಟುಹೋದರೆ ಎಂಬ ಭಯ. ಅಜ್ಜ ಇಳಿಯಲಿಲ್ಲ.

ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ಶೌಚಾಲಯಕ್ಕೆ ಹೋದರೆ ಮೂತ್ರ ಬರಲೇ ಇಲ್ಲ. ಒಂದು ಗಂಟೆಯಲ್ಲಿ ಕಿಬ್ಬೊಟ್ಟೆ ಬಿಗಿದು, ನೋವಿನಿಂದ ನಿಲ್ಲಲಾರದ ಸ್ಥಿತಿ. ಹೃದಯಕ್ಕೆಂದು ಬಂದವರು ಮೊದಲು ಹೋಗಬೇಕಾದದ್ದು ತುರ್ತು ಚಿಕಿತ್ಸಾ ಕೊಠಡಿಗೆ. ಅಲ್ಲಿ ಕೊಳವೆ ಹಾಕಿ ಮೂತ್ರ ತೆಗೆದ ಮೇಲೆಯೇ ಅವರಿಗೆ ಉಸಿರು ಬಂದದ್ದು. ಹೃದಯದ ವೈದ್ಯರನ್ನು ಕಂಡದ್ದು ಮರುದಿನ.

ಈ ಅಜ್ಜನ ತೊಂದರೆ ಹೃದಯದಿಂದ ಬಂದದ್ದಲ್ಲ, ಪ್ರಯಾಣದಿಂದ ಬಂದದ್ದು. ಊರಿನಿಂದ ದೊಡ್ಡ ಆಸ್ಪತ್ರೆಗೆ ಹೊರಡುವ ರೋಗಿಗೆ ದಾರಿಯೂ ಚಿಕಿತ್ಸೆಯ ಒಂದು ಭಾಗ. ಯಾವ ಪರೀಕ್ಷೆ, ಯಾವ ಡಾಕ್ಟರು, ಎಷ್ಟು ಖರ್ಚು ಎಂದು ಮನೆಮಂದಿಯೆಲ್ಲ ಕುಳಿತು ಯೋಚಿಸುತ್ತಾರೆ. ಆದರೆ ಎಲ್ಲಿ ನೀರು ಕುಡಿಯುವುದು, ಎಲ್ಲಿ ಮೂತ್ರಕ್ಕೆ ಇಳಿಯುವುದು, ಬೆಳಗಿನ ಮಾತ್ರೆ ಎಲ್ಲಿ ನುಂಗುವುದು ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಇವು ಮೂರೂ ತೀರ್ಮಾನವಾಗುವುದು ಬಸ್ ನಿಲ್ದಾಣದಲ್ಲಿ, ಇಲ್ಲವೇ ರೈಲು ನಿಲ್ದಾಣದಲ್ಲಿ.

ದಾರಿ ಹೇಗಿದೆ?

ಶಿಕಾರಿಪುರ, ಶಿರಾಳಕೊಪ್ಪದ ಕಡೆಗೆ ಇನ್ನೂ ರೈಲು ಬಂದಿಲ್ಲ. ಶಿವಮೊಗ್ಗದಿಂದ ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೊಸ ಮಾರ್ಗ ಮಂಜೂರಾಗಿದೆ. ಅದು ಆಗುವವರೆಗೆ ಬಸ್ಸೇ ಗತಿ, ಇಲ್ಲವೇ ಶಿವಮೊಗ್ಗದವರೆಗೆ ಬಸ್ಸು, ಅಲ್ಲಿಂದ ರೈಲು. ಬಸ್ಸಿನಲ್ಲಿ ಶಿವಮೊಗ್ಗ, ಕಡೂರು, ಅರಸೀಕೆರೆ, ತುಮಕೂರು ದಾಟಿ ಬೆಂಗಳೂರು ಮುಟ್ಟಲು ಏಳೆಂಟು ಗಂಟೆ ಹಿಡಿಯುತ್ತದೆ.

ಬೆಂಗಳೂರು ಮುಟ್ಟಿದ ಮೇಲಿನ ದಾರಿ ಮಾತ್ರ ಈಚೆಗೆ ಬಹಳ ಬದಲಾಗಿದೆ. ನಮ್ಮ ಮೆಟ್ರೊ ಮೊದಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಪೀಣ್ಯದ ಕಡೆಯ ಹಸಿರು ಮಾರ್ಗ 2014ರಲ್ಲಿ ಆರಂಭವಾಯಿತು. 2017ರ ಜೂನ್‌ನಲ್ಲಿ ಮೆಜೆಸ್ಟಿಕ್ಕಿನ ಮೂಲಕ ಜಯನಗರದಿಂದಾಚೆಗೂ ಹೋಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯಿತು. ಈ ಮಾರ್ಗದಲ್ಲಿ ಜಯದೇವ ಆಸ್ಪತ್ರೆಯ ಹೆಸರಿನದೇ ಒಂದು ನಿಲ್ದಾಣವಿದೆ.

ಹಾಗಾಗಿ ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿದ ರೋಗಿ, ಅದಕ್ಕೆ ಹೊಂದಿಕೊಂಡಿರುವ ಮೆಟ್ರೊ ನಿಲ್ದಾಣಕ್ಕೆ ಹೋಗಿ ಹಸಿರು ಮಾರ್ಗದ ರೈಲು ಹಿಡಿಯಬಹುದು. ರೇಷ್ಮೆ ಸಂಸ್ಥೆಯ ಕಡೆಗೆ ಹೋಗುವ ರೈಲಿನಲ್ಲಿ ಏಳನೆಯ ನಿಲ್ದಾಣ ಆರ್.ವಿ. ರಸ್ತೆ. ಅಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿದರೆ ರಾಗಿಗುಡ್ಡ, ಅದರ ಮುಂದಿನದೇ ಜಯದೇವ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗಳಿಗೆ ಹೋಗುವವರು ಮೆಜೆಸ್ಟಿಕ್ಕಿನಿಂದ ಎರಡನೆಯದಾದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬೇಕು. ನಿಮ್ಹಾನ್ಸ್, ಕಿದ್ವಾಯಿ ಸಂಸ್ಥೆಗಳಿಗೆ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಬಹುದು.

ಮೆಜೆಸ್ಟಿಕ್ಕಿನ ಜನಜಂಗುಳಿ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ. ತುಮಕೂರು ರಸ್ತೆಯಿಂದ ಬರುವ ಬಸ್ಸುಗಳು ಗೊರಗುಂಟೆಪಾಳ್ಯ, ಯಶವಂತಪುರದ ಮೇಲೆಯೇ ಬರುತ್ತವೆ. ಎರಡೂ ಕಡೆ ಹಸಿರು ಮಾರ್ಗದ ನಿಲ್ದಾಣಗಳಿವೆ. ಆದರೆ ಬಸ್ಸು ಬೆಳಗಿನ ಜಾವ ನಾಲ್ಕಕ್ಕೇ ಬಂದುಬಿಟ್ಟರೆ ರಸ್ತೆ ಬದಿಯಲ್ಲಿ ರೋಗಿಯನ್ನು ನಿಲ್ಲಿಸಿಕೊಂಡು ಕಾಯಬೇಕಾದೀತು. ಮೊದಲ ಮೆಟ್ರೊ ರೈಲಿನ ಸಮಯ ವಾರದ ದಿನ, ಭಾನುವಾರ ಎಂದು ಬೇರೆ ಬೇರೆ ಇರುವುದರಿಂದ ಮೊದಲೇ ಕೇಳಿಕೊಳ್ಳಿ. ಕತ್ತಲಿರುವಾಗಲೇ ತಲುಪುವ ಬಸ್ಸಾದರೆ ದೀಪ, ಬೆಂಚು, ಶೌಚಾಲಯ ಇರುವ ದೊಡ್ಡ ನಿಲ್ದಾಣದಲ್ಲಿ ಇಳಿಯುವುದೇ ವಾಸಿ.

ನೀರು ಬಿಟ್ಟರೆ ಏನಾಗುತ್ತದೆ?

ಪ್ರಯಾಣದ ದಿನ ನೀರು ಕುಡಿಯದಿರುವುದು ನಮ್ಮಲ್ಲಿ ಒಂದು ಪದ್ಧತಿಯೇ ಆಗಿಬಿಟ್ಟಿದೆ. ಹೆಂಗಸರಲ್ಲಂತೂ ಇದು ಇನ್ನೂ ಹೆಚ್ಚು. ಕೊಳಕು ಶೌಚಾಲಯ, ಮುರಿದ ಚಿಲಕ, ಚಿಲ್ಲರೆ ಕೇಳುವವರು, ಹೊರಗೆ ನಿಂತ ಗಂಡಸರು: ಇವನ್ನೆಲ್ಲ ಕಂಡವರು ನೀರನ್ನೇ ಬಿಡುತ್ತಾರೆ. ಅದನ್ನು ತಪ್ಪು ಎಂದು ಬೈದು ಪ್ರಯೋಜನವಿಲ್ಲ. ಆದರೆ ಅದರ ಬೆಲೆ ಏನೆಂದು ತಿಳಿದಿರಬೇಕು.

ನೀರು ಕಡಿಮೆಯಾದಾಗ ಮೂತ್ರ ಗಟ್ಟಿಯಾಗುತ್ತದೆ, ಉರಿ ಬರುತ್ತದೆ. ಮೂತ್ರ ಹೆಚ್ಚು ಹೊತ್ತು ಚೀಲದಲ್ಲೇ ಉಳಿದರೆ ರೋಗಾಣುಗಳು ಬೆಳೆಯಲು ಅವಕಾಶ. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆಯ ಹೆಂಗಸರಲ್ಲಿ ಮೂತ್ರನಾಳದ ಸೋಂಕು ಬೇಗ ತಗಲುತ್ತದೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಬತ್ತಿದ್ದರೆ, ಬಸ್ಸಿನ ಸೀಟಿನಿಂದ ಥಟ್ಟನೆ ಎದ್ದಾಗ ಒತ್ತಡ ಇಳಿದು ತಲೆ ಸುತ್ತುತ್ತದೆ. ಬಸ್ಸಿನ ಮೆಟ್ಟಿಲಲ್ಲಿ ಹಿರಿಯರು ಬೀಳುವುದು ಎಷ್ಟೋ ಸಲ ಹೀಗೆಯೇ. ಇನ್ನೊಂದು ಮಾತು. ಮೈ ಒಣಗಿದ ಸ್ಥಿತಿಯಲ್ಲಿ ರಕ್ತ ಕೊಟ್ಟರೆ ಯೂರಿಯಾ, ಕ್ರಿಯಾಟಿನಿನ್ ಹೆಚ್ಚಾಗಿ ಕಾಣಿಸಬಹುದು. ಇಲ್ಲದ ಮೂತ್ರಪಿಂಡದ ಕಾಯಿಲೆಗೆ ಮನೆಮಂದಿ ಹೆದರುವಂತಾಗುತ್ತದೆ, ಪರೀಕ್ಷೆ ಮತ್ತೊಮ್ಮೆ ಮಾಡಿಸಬೇಕಾಗುತ್ತದೆ.

ಹಾಗಾದರೆ ಹೇಗೆ? ಒಮ್ಮೆಗೇ ಚೊಂಬು ತುಂಬ ಕುಡಿಯಬೇಡಿ. ಅರ್ಧ ಗಂಟೆಗೊಮ್ಮೆ ಎರಡು ಮೂರು ಗುಟುಕು ಸಾಕು. ಬಸ್ಸು ಹತ್ತುವ ಮೊದಲು, ಅವಸರವಿರಲಿ ಇಲ್ಲದಿರಲಿ, ಒಮ್ಮೆ ಮೂತ್ರಕ್ಕೆ ಹೋಗಿ ಬನ್ನಿ. ಬಸ್ಸು ನಿಂತ ಕಡೆಯಲ್ಲೆಲ್ಲ ಇಳಿಯಿರಿ. ಕಂಡಕ್ಟರಿಗೆ, ‘ಜೊತೆಯಲ್ಲಿ ವಯಸ್ಸಾದವರಿದ್ದಾರೆ, ನಿಲ್ಲಿಸುವ ಜಾಗ ಮೊದಲೇ ಹೇಳಿ’ ಎಂದು ಟಿಕೆಟ್ ತೆಗೆದುಕೊಳ್ಳುವಾಗಲೇ ತಿಳಿಸಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಚಹಾ, ಕಾಫಿ ಮೂತ್ರದ ಅವಸರ ಹೆಚ್ಚಿಸುತ್ತವೆ. ರಾತ್ರಿ ಬಸ್ಸಿಗೆ ಮೊದಲು ಅವು ಬೇಡ.

ಒಂದು ಎಚ್ಚರಿಕೆ. ಹೃದಯ ದುರ್ಬಲವಾಗಿ ಕಾಲು ಬಾವು ಬರುವವರಿಗೆ, ಮೂತ್ರಪಿಂಡದ ಕಾಯಿಲೆಯವರಿಗೆ ದಿನಕ್ಕೆ ಇಷ್ಟೇ ನೀರು ಎಂದು ವೈದ್ಯರು ಹೇಳಿರುತ್ತಾರೆ. ಅವರು ಆ ಅಳತೆಯನ್ನೇ ಪಾಲಿಸಬೇಕು. ಬಾವು ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಪ್ರಯಾಣದ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ಕೇಳಿಕೊಳ್ಳಬೇಕು. ತಾವಾಗಿಯೇ ಬಿಡಬಾರದು.

ವಾಂತಿ ಮಾತ್ರೆಯ ಇನ್ನೊಂದು ಮುಖ

ಗಂಡಸರಿಗೆ ವಯಸ್ಸಾದಂತೆ ಮೂತ್ರಚೀಲದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುತ್ತದೆ. ಧಾರೆ ಸಣ್ಣದಾಗುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು ಅದರ ಲಕ್ಷಣ. ಮೂತ್ರಚೀಲಕ್ಕೆ ಸಾಮಾನ್ಯವಾಗಿ ಹಿಡಿಸುವುದು 400ರಿಂದ 500 ಮಿಲಿಲೀಟರ್. ಅದಕ್ಕೂ ಮೀರಿ ಹಿಗ್ಗಿದರೆ ಚೀಲದ ಸ್ನಾಯು ಸೋತು, ಬೇಕೆಂದಾಗ ಹಿಂಡಲಾರದು. ಪ್ರಯಾಣದ ವಾಂತಿಗೆ ಕೊಡುವ ಹಲವು ಮಾತ್ರೆಗಳೂ, ನೆಗಡಿಯ ಹಲವು ಮಾತ್ರೆಗಳೂ ಈ ಸ್ನಾಯುವನ್ನು ಮತ್ತಷ್ಟು ಸಡಿಲಿಸುತ್ತವೆ, ಇಲ್ಲವೇ ದ್ವಾರವನ್ನು ಬಿಗಿಯುತ್ತವೆ. ನಮ್ಮ ಅಜ್ಜನಿಗೆ ಆದದ್ದು ಇದೇ. ಹಳೆಯ ಪ್ರಾಸ್ಟೇಟ್, ರಾತ್ರಿಯೆಲ್ಲ ಕಟ್ಟಿದ ಮೂತ್ರ, ಮೇಲೆ ಒಂದು ಮಾತ್ರೆ.

ಆದ್ದರಿಂದ ಪ್ರಾಸ್ಟೇಟ್ ತೊಂದರೆಯಿರುವವರು, ಕಣ್ಣಿನ ಒತ್ತಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಇಂಥ ಮಾತ್ರೆಗಳನ್ನು ನುಂಗಬಾರದು. ವಾಂತಿ ಬರುವವರು ಹೊಟ್ಟೆ ಬಿರಿಯುವಂತೆ ಊಟ ಮಾಡದೆ, ಬಸ್ಸಿನ ಮುಂಭಾಗದ ಸೀಟಿನಲ್ಲಿ ಕಿಟಕಿಯ ಪಕ್ಕ ಕುಳಿತು ದೂರಕ್ಕೆ ದೃಷ್ಟಿ ಇಟ್ಟರೆ ಎಷ್ಟೋ ಸಮಾಧಾನ.

ಖಾಲಿ ಹೊಟ್ಟೆಯ ಗೊಂದಲ

‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಆಸ್ಪತ್ರೆಯವರು ಹೇಳಿರುತ್ತಾರೆ. ಊರಿನವರು ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಎಷ್ಟರ ಮಟ್ಟಿಗೆಂದರೆ ಹಿಂದಿನ ದಿನ ಸಂಜೆ ಆರಕ್ಕೆ ಉಂಡವರು ಮರುದಿನ ಹನ್ನೊಂದರ ತನಕ ನೀರನ್ನೂ ಮುಟ್ಟುವುದಿಲ್ಲ. ಸಾಮಾನ್ಯ ರಕ್ತ ಪರೀಕ್ಷೆಗೆ ಎಂಟರಿಂದ ಹನ್ನೆರಡು ಗಂಟೆ ಉಪವಾಸ ಸಾಕು. ಬರಿಯ ನೀರು ಕುಡಿಯಬಹುದು. ಅರಿವಳಿಕೆ ಕೊಟ್ಟು ಮಾಡುವ ಚಿಕಿತ್ಸೆಗೆ ನಿಯಮ ಬೇರೆ. ಅದನ್ನು ಆಸ್ಪತ್ರೆಯವರು ಹೇಳಿದಂತೆಯೇ ನಡೆಸಬೇಕು.

ಸಕ್ಕರೆ ಕಾಯಿಲೆಯವರಿಗೆ ಇಲ್ಲಿ ದೊಡ್ಡ ಅಪಾಯವಿದೆ. ಊಟವಿಲ್ಲದೆ ಎಂದಿನ ಮಾತ್ರೆ ನುಂಗಿದರೆ, ಇನ್ಸುಲಿನ್ ಚುಚ್ಚಿಕೊಂಡರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮೈ ಬೆವರುವುದು, ಕೈ ನಡುಗುವುದು, ಎದೆ ಡವಗುಟ್ಟುವುದು, ಮಾತು ತಡವರಿಸುವುದು ಇದರ ಗುರುತು. ನಿಲ್ದಾಣದ ಗದ್ದಲದಲ್ಲಿ ಜೊತೆಯವರು ‘ಪ್ರಯಾಣದ ಆಯಾಸ’ ಎಂದುಕೊಂಡು ಸುಮ್ಮನಾಗುವುದುಂಟು. ಸುಮ್ಮನಾಗಬೇಡಿ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಪರೀಕ್ಷೆ ಕೆಟ್ಟರೆ ಕೆಡಲಿ, ನಾಳೆ ಮಾಡಿಸಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ.

ಯಾವ ಮಾತ್ರೆ ನುಂಗಬೇಕು, ಯಾವುದನ್ನು ಪರೀಕ್ಷೆಯಾದ ಮೇಲೆ ನುಂಗಬೇಕು ಎಂಬುದನ್ನು ಹೊರಡುವ ಮೊದಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ರಕ್ತದೊತ್ತಡದ ಮತ್ತು ಹೃದಯದ ಮಾತ್ರೆಗಳನ್ನು ಒಂದು ಗುಟುಕು ನೀರಿನೊಂದಿಗೆ ಎಂದಿನ ಹೊತ್ತಿಗೇ ನುಂಗಲು ಹೇಳುತ್ತಾರೆ. ಸಕ್ಕರೆಯ ಮಾತ್ರೆ ಊಟದ ಜೊತೆಗೆ ಬರುವಂಥದ್ದು. ಇನ್ಸುಲಿನ್ ಬಾಟಲಿಯನ್ನು ಬಸ್ಸಿನ ಸಾಮಾನು ಪೆಟ್ಟಿಗೆಯಲ್ಲೂ ಎಂಜಿನ್ನಿನ ಬಿಸಿಯ ಹತ್ತಿರವೂ ಇಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಕುಳಿತ ಕಾಲುಗಳು

ರಾತ್ರಿಯಿಡೀ ಕಾಲು ಇಳಿಬಿಟ್ಟು ಕುಳಿತವರ ಪಾದ ಬೆಳಿಗ್ಗೆ ಊದಿರುತ್ತದೆ, ಚಪ್ಪಲಿ ಹಿಡಿಸುವುದಿಲ್ಲ. ಎರಡೂ ಕಾಲು ಸಮನಾಗಿ ಊದಿ, ಓಡಾಡಿದ ಮೇಲೆ ಇಳಿದರೆ ಹೆಚ್ಚು ಚಿಂತೆಯಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ನೋಯುತ್ತಿದ್ದರೆ ಅದು ಬೇರೆ. ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣದಲ್ಲಿ ಇಂಥ ಹೆಪ್ಪಿನ ಸಂಭವ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಇದು ಸುಮಾರು ಆರು ಸಾವಿರ ಮಂದಿಗೆ ಒಬ್ಬರಿಗೆ ಮಾತ್ರ. ಆದರೆ ಹೊಸದಾಗಿ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು, ಬಾಣಂತಿಯರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಹೆಚ್ಚು ಜಾಗರೂಕರಾಗಿರಬೇಕು. ಮದ್ದು ಸುಲಭ. ಕುಳಿತಲ್ಲೇ ಹಿಮ್ಮಡಿ ಊರಿ ಬೆರಳು ಎತ್ತಿ, ಬೆರಳು ಊರಿ ಹಿಮ್ಮಡಿ ಎತ್ತಿ. ಗಂಟೆಗೊಮ್ಮೆ ಇಪ್ಪತ್ತು ಸಲ. ಕಾಲ ಬುಡದಲ್ಲಿ ಗಂಟುಮೂಟೆ ತುರುಕಬೇಡಿ. ಬಸ್ಸು ನಿಂತಾಗ ನಾಲ್ಕು ಹೆಜ್ಜೆ ನಡೆಯಿರಿ.

ಮೆಟ್ರೊ ನಿಲ್ದಾಣದಲ್ಲಿ

ಮೆಜೆಸ್ಟಿಕ್ಕಿನ ಮೆಟ್ರೊ ನಿಲ್ದಾಣ ನೆಲದಡಿಯಲ್ಲಿದೆ. ಹಸಿರು ಮಾರ್ಗದ ರೈಲು ನಿಲ್ಲುವುದು ನೇರಳೆ ಮಾರ್ಗಕ್ಕಿಂತಲೂ ಕೆಳಗಿನ ಅಂತಸ್ತಿನಲ್ಲಿ. ಜಯದೇವ ನಿಲ್ದಾಣವಾದರೆ ರಸ್ತೆಯಿಂದ ಬಹಳ ಎತ್ತರದಲ್ಲಿದೆ. ಹೀಗಾಗಿ ಇಳಿಯುವುದು, ಹತ್ತುವುದು ತಪ್ಪದು. ಹೃದಯದ ರೋಗಿಯನ್ನು ಮೆಟ್ಟಿಲು ಹತ್ತಿಸಬೇಡಿ, ಲಿಫ್ಟ್ ಎಲ್ಲಿದೆಯೆಂದು ಸಿಬ್ಬಂದಿಯನ್ನು ಕೇಳಿ. ನಡೆಯಲಾಗದವರಿಗೆ ಗಾಲಿಕುರ್ಚಿಯನ್ನೂ ಕೇಳಬಹುದು. ಚಲಿಸುವ ಮೆಟ್ಟಿಲಿನ ಅಭ್ಯಾಸವಿಲ್ಲದವರಿಗೆ ಅದು ಬೇಡ. ಸೀರೆಯ ನೆರಿಗೆ, ಪಂಚೆಯ ಅಂಚು ಸಿಕ್ಕಿಕೊಂಡರೆ ಬೀಳುವುದು ಖಂಡಿತ. ರೈಲು ನಿಲ್ಲುವುದು ಅರೆಕ್ಷಣ. ಅದು ತಪ್ಪಿದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ಬರುತ್ತದೆ. ರೋಗಿಯ ಕೈಹಿಡಿದು ಓಡಬೇಡಿ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಪ್ರವೇಶದ್ವಾರದ ತಪಾಸಣೆಯಲ್ಲಿ ಅದರ ಕಾರ್ಡು ತೋರಿಸಿ, ಕೈಯಿಂದ ತಪಾಸಣೆ ಮಾಡಲು ಕೇಳಿಕೊಳ್ಳಬೇಕು. ಲೋಹ ಪತ್ತೆಯ ಚೌಕಟ್ಟಿನಲ್ಲಿ ಹಾದುಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಅಲ್ಲಿ ನಿಂತುಕೊಳ್ಳಬಾರದು ಅಷ್ಟೆ. ಕೈಯಲ್ಲಿ ಹಿಡಿಯುವ ಉಪಕರಣವನ್ನು ಎದೆಯ ಮೇಲೆ ಇಟ್ಟುಕೊಂಡಿರಲು ಬಿಡಬಾರದು.

ಆಸ್ತಮಾ ಇರುವವರು ಬಸ್ಸುಗಳ ಹೊಗೆ ಕೊಳವೆಯ ಹಿಂದೆ ಕುಳಿತು ಕಾಯಬಾರದು. ಉಸಿರಿನ ಪಂಪು ಪೆಟ್ಟಿಗೆಯ ತಳದಲ್ಲಿದ್ದರೆ ಅದು ಇದ್ದೂ ಇಲ್ಲದಂತೆ, ಜೇಬಿನಲ್ಲಿರಲಿ. ಕೆಮ್ಮು ಇರುವವರು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಲಿ.

ಯಾವಾಗ ಬೆಂಗಳೂರಿಗೆ ಹೊರಡಬಾರದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಎದೆ ಹಿಂಡಿದಂತೆ ನೋವು ಹದಿನೈದು ನಿಮಿಷ ಮೀರಿ ಇದ್ದರೆ, ಜೊತೆಗೆ ಬೆವರು, ಉಬ್ಬಸ ಇದ್ದರೆ, ಮುಖ ಸೊಟ್ಟಗಾಗಿ ಒಂದು ಕೈಯ ಬಲ ಹೋದರೆ, ‘ಇವತ್ತು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗೋಣ’ ಎಂಬ ಯೋಚನೆ ಬಿಡಿ. ಹೃದಯದ ರಕ್ತನಾಳ ಕಟ್ಟಿದಾಗ ಪ್ರತಿ ಗಂಟೆಗೂ ಸ್ನಾಯು ಸಾಯುತ್ತಿರುತ್ತದೆ. ಬಸ್ಸಿನ ಎಂಟು ಗಂಟೆಯಲ್ಲಿ ಉಳಿಸಬಹುದಾದದ್ದೂ ಹೋಗಿಬಿಡುತ್ತದೆ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲೆಂದೇ ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಪ್ರಕಟಿಸಿತು. ಮುಂದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೆಂಗಳೂರಿಗೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಕಳಿಸುವುದಾದರೆ ಆಂಬ್ಯುಲೆನ್ಸಿನಲ್ಲಿ ಕಳಿಸುತ್ತಾರೆ.

ತುರ್ತಲ್ಲದ ಚಿಕಿತ್ಸೆಗೆ ಹೊರಡುವ ಬಡ ಕುಟುಂಬದವರು, ಸ್ಥಳೀಯ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಊರಿನಲ್ಲಿಯೇ ವಿಚಾರಿಸಿಕೊಳ್ಳಲಿ. ಒಂದು ಕಾಗದ ಇಲ್ಲವೆಂದು ವಾಪಸು ಬಂದರೆ ಅದೇ ಬಸ್ಸು, ಅದೇ ರಾತ್ರಿ, ಅದೇ ರೋಗಿಗೆ ಇನ್ನೊಂದು ಸಲ.

ಕೆರೆಯ ನೆನಪು

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಶಾಸನ ಎಲ್ಲರಿಗೂ ಗೊತ್ತು. ಕದಂಬ ಮಯೂರಶರ್ಮ ವಿದ್ಯೆ ಕಲಿಯಲು ಅಜ್ಜ ವೀರಶರ್ಮನ ಜೊತೆ ಕಂಚಿಗೆ ಹೋದ ಕಥೆ ಅದರಲ್ಲಿದೆ. ಅದೇ ಶಾಸನ ಹೇಳುವ ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ: ಕಾಕುಸ್ಥವರ್ಮ ಅಲ್ಲಿ ನೀರಿಗಾಗಿ ಒಂದು ಕೆರೆ ಕಟ್ಟಿಸಿದ್ದು. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದೂ ಕೆರೆಯ ಜಾಗದಲ್ಲಿಯೇ. ಅದು ಬತ್ತಿಹೋದ ಧರ್ಮಾಂಬುಧಿ ಕೆರೆಯ ಅಂಗಳ. ಕೆರೆಯ ಊರಿನಿಂದ ಹೊರಟು ಕೆರೆಯ ಅಂಗಳದಲ್ಲಿ ಇಳಿಯುವ ರೋಗಿ ನಡುವೆ ಒಂದು ಗುಟುಕು ನೀರಿಗೆ ಹೆದರುವಂತಾಗಬಾರದು. ಶಿರಾಳಕೊಪ್ಪವಿರಲಿ, ಅರಸೀಕೆರೆಯಿರಲಿ, ಮೆಜೆಸ್ಟಿಕ್ಕಿರಲಿ, ನಿಲ್ದಾಣದ ಶೌಚಾಲಯ ಚೊಕ್ಕಟವಾಗಿದ್ದು, ದೀಪ ಉರಿಯುತ್ತಿದ್ದು, ಚಿಲಕ ಬೀಳುವಂತಿದ್ದರೆ ಅದು ಎಷ್ಟೋ ಔಷಧಿಗೆ ಸಮ. ಹಾಗಿಲ್ಲದ ಕಡೆ ನಿಲ್ದಾಣದ ಅಧಿಕಾರಿಗೆ ದೂರು ಬರೆದುಕೊಡಿ. ಅಲ್ಲಿಯವರೆಗೆ, ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೊರಟವರು ಬಸ್ಸು ನಿಂತಾಗ ‘ಇಳೀತೀರಾ?’ ಎಂದು ಕೇಳಿ ಸುಮ್ಮನಾಗಬೇಡಿ. ‘ಬನ್ನಿ, ನಾನೂ ಬರ್ತೀನಿ’ ಎಂದು ಕೈಹಿಡಿದು ಇಳಿಸಿ.

ಕೈಚೀಲದಲ್ಲಿ ಇರಲಿ

• ಕುದಿಸಿ ಆರಿಸಿದ ಒಂದು ಲೀಟರ್ ನೀರು, ಒಂದು ಲೋಟ.
• ಎರಡು ದಿನಕ್ಕೆ ಹೆಚ್ಚಾಗುವಷ್ಟು ಮಾತ್ರೆಗಳು, ವೈದ್ಯರ ಚೀಟಿಯ ಸಮೇತ.
• ಸಕ್ಕರೆ ಕಾಯಿಲೆಯವರಿಗೆ ಒಂದು ಪೊಟ್ಟಣ ಸಕ್ಕರೆ, ನಾಲ್ಕು ಬಿಸ್ಕತ್ತು.
• ವಾಂತಿ ಭೇದಿಯಾದರೆ ಬೇಕಾಗುವ ಒ.ಆರ್.ಎಸ್. ಪುಡಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಬೆರೆಸಲು.
• ಹಳೆಯ ಇಸಿಜಿ, ರಕ್ತ ಪರೀಕ್ಷೆಯ ವರದಿಗಳು, ಪಡಿತರ ಚೀಟಿ, ಆಧಾರ್ ಕಾರ್ಡು.
• ರೋಗಿಯ ಜೇಬಿನಲ್ಲಿ ಒಂದು ಚೀಟಿ: ಹೆಸರು, ಕಾಯಿಲೆ, ನುಂಗುವ ಮಾತ್ರೆ, ಮನೆಯವರ ಫೋನ್ ನಂಬರು.
• ಕೈ ತೊಳೆಯಲು ಒಂದು ತುಂಡು ಸಾಬೂನು, ಶೌಚಾಲಯಕ್ಕೆ ಕೊಡಲು ಚಿಲ್ಲರೆ.